ಹೂವಲ್ಲದ ಹೂ, ಮೇಲಕ್ಕೇಳುವ ಬೇರು

ಹೋದ ವರ್ಷ ಮೊದಲ ಮಳೆ ಬಿದ್ದ ವಾರ ನಮ್ಮ ಹಿತ್ತಲಲ್ಲಿ ಏನೋ ಸತ್ತ ವಾಸನೆ. ಇಲಿ ಇರಬೇಕು ಅಂತ ಸೌದೆ ರಾಶಿಯನ್ನೆಲ್ಲ ಎತ್ತಿ ನೋಡಿದೆವು. ಇಲಿ ಸಿಗಲಿಲ್ಲ. ಬಾಳೆಯ ಬುಡದ ಪಕ್ಕ, ಬರೀ ನೆಲದಿಂದ, ಒಂದು ಎಲೆಯೂ ಇಲ್ಲದೆ, ಕಂದು ನೇರಳೆ ಬಣ್ಣದ ದೊಡ್ಡ ಮುದ್ದೆಯೊಂದು ಎದ್ದು ನಿಂತಿತ್ತು. ಸುತ್ತ ಸೀರೆ ನೆರಿಗೆಯಂಥ ಅಂಚು. ಮೇಲೆಲ್ಲ ನೊಣ. ಅಮ್ಮ ನೋಡಿದ ತಕ್ಷಣ, "ಅಯ್ಯೋ, ಇದು ಸುವರ್ಣಗೆಡ್ಡೆ ಹೂ ಕಣೋ. ಈ ಮೂಲೇಲಿ ಗೆಡ್ಡೆ ಅಗೆಯೋದು ಮರೆತೇ ಹೋಗಿತ್ತಲ್ಲ, ಅದೇ" ಅಂದರು.

ಸುವರ್ಣಗೆಡ್ಡೆಯ ಹುಳಿ, ಪಲ್ಯ ತಿಂದೇ ಬೆಳೆದವನು ನಾನು. ಗಂಟಲು ತುರಿಸದಿರಲಿ ಅಂತ ಹುಣಸೆಹುಳಿ ಹಾಕಿ ಬೇಯಿಸುವುದೂ ಗೊತ್ತು. ಹೂವನ್ನು ಮಾತ್ರ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಕಾರಣ ಸರಳ. ಗೆಡ್ಡೆ ಹೂ ಬಿಡುವಷ್ಟು ಬಲಿಯುವ ಮೊದಲೇ ನಾವು ಅದನ್ನು ಅಗೆದು ಅಡುಗೆಮನೆಗೆ ತರುತ್ತೇವೆ. ಮರೆತು ಬಿಟ್ಟರೆ ಮಾತ್ರ ಈ ದರ್ಶನ.

ಶಾಲೆಯಲ್ಲಿ ನಾವೆಲ್ಲ ಒಂದು ಚಿತ್ರ ಬರೆದಿದ್ದೇವೆ. ಕೆಳಗೆ ಬೇರು, ಮೇಲೆ ಕಾಂಡ, ಪಕ್ಕಕ್ಕೆ ಹಸಿರು ಎಲೆ, ತುದಿಯಲ್ಲಿ ಚೆಂದದ ಹೂ. ಬಾಣದ ಗುರುತು ಹಾಕಿ ಹೆಸರು ಬರೆದರೆ ಪೂರ್ತಿ ಅಂಕ. ಅವತ್ತು ಹಿತ್ತಲಲ್ಲಿ ಕೂತು ಆ ಹೂವನ್ನು ನೋಡುವಾಗ ಈ ಚಿತ್ರದ ಒಂದು ಬಾಣವೂ ಸರಿಯಾದ ಜಾಗಕ್ಕೆ ಬೀಳಲಿಲ್ಲ. ಆಮೇಲಿಂದ ನಾನು ವಿಚಿತ್ರ ಗಿಡಗಳನ್ನು ನೋಡುವುದು ಹೀಗೆಯೇ. ಇದು ಆ ಚಿತ್ರದ ಯಾವ ಬಾಣವನ್ನು ಸುಳ್ಳು ಮಾಡುತ್ತಿದೆ? ಯಾಕೆ? ಈ ಎರಡು ಪ್ರಶ್ನೆ ಕೇಳಿಕೊಂಡರೆ ವಿಚಿತ್ರ ಅನ್ನಿಸಿದ್ದು ನಿಧಾನವಾಗಿ ಅರ್ಥವಾಗುತ್ತಾ ಹೋಗುತ್ತದೆ.

ಮೊದಲಿಗೆ, ನಮ್ಮ ಹಿತ್ತಲಿನ ಹೂ ಒಂದು ಹೂವೇ ಅಲ್ಲ. ಅದು ನೂರಾರು ಹೂಗಳ ಊರು. ನಡುವಿನ ದಪ್ಪ ಕಂಬದ ಬುಡದಲ್ಲಿ ಹೆಣ್ಣು ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಅದರ ಮೇಲೆ ಗಂಡು ಹೂಗಳ ಪಟ್ಟಿ. ಎಲ್ಲಕ್ಕಿಂತ ಮೇಲೆ ಸುಕ್ಕುಸುಕ್ಕಾದ ದೊಡ್ಡ ಮುದ್ದೆ. ಅದರಲ್ಲಿ ಹೂ ಇಲ್ಲ, ವಾಸನೆ ಹರಡುವುದೇ ಅದರ ಕೆಲಸ. ಸುತ್ತ ಇರುವ ನೆರಿಗೆಯ ಬಟ್ಟಲು ದಳವಲ್ಲ, ರೂಪ ಬದಲಿಸಿದ ಎಲೆ. ಆಂಥೂರಿಯಂ ಗಿಡದಲ್ಲಿ ನಾವು ಕೆಂಪು ಹೂ ಅನ್ನುವುದೂ ಇಂಥದ್ದೇ ಎಲೆ. ಪತ್ರೊಡೆಗೆ ಕೊಯ್ಯುವ ಕೆಸುವೂ ಇದೇ ಕುಟುಂಬದ್ದು. ಕೆಸು ಹೂ ಬಿಟ್ಟಾಗ ಗಮನಿಸಿ, ಅಲ್ಲೂ ಇದೇ ಕಂಬ, ಇದೇ ಸುತ್ತೆಲೆ.

ಇನ್ನು ವಾಸನೆ. ಸತ್ತ ಪ್ರಾಣಿಯ ಮಾಂಸ ಕೊಳೆಯುವಾಗ ಗಂಧಕ ಸೇರಿದ ಕೆಲವು ಅನಿಲಗಳು ಹೊರಬರುತ್ತವೆ. ಈ ಹೂ ಅದೇ ಅನಿಲಗಳನ್ನು ತಾನೇ ತಯಾರಿಸುತ್ತದೆ. ಕೊಳೆತ ಮಾಂಸ ಹುಡುಕಿಕೊಂಡು ಅಲೆಯುವ ಜೀರುಂಡೆ, ನೊಣಗಳಿಗೆ ಇದು ಊಟದ ಕರೆ. ಅವು ಬಂದು ಬಟ್ಟಲೊಳಗೆ ಇಳಿಯುತ್ತವೆ. ಮೊದಲ ದಿನ ಹೆಣ್ಣು ಹೂಗಳು ಮಾತ್ರ ಸಿದ್ಧ ಇರುತ್ತವೆ. ಬೇರೆ ಗಿಡದಿಂದ ಪರಾಗ ಹೊತ್ತು ಬಂದ ಜೀರುಂಡೆ ಅದನ್ನು ಇಲ್ಲಿ ಉದುರಿಸುತ್ತದೆ. ಹೆಣ್ಣು ಹೂಗಳ ಹೊತ್ತು ಮುಗಿದ ಮೇಲೆಯೇ ಗಂಡು ಹೂಗಳು ಪರಾಗ ಬಿಡುವುದು. ಜೀರುಂಡೆ ಮೈಗೆಲ್ಲ ಪುಡಿ ಮೆತ್ತಿಕೊಂಡು ಹೊರಟುಹೋಗುತ್ತದೆ. ಒಂದೇ ಕಂಬದ ಮೇಲೆ ಇದ್ದರೂ ಗಂಡು ಹೆಣ್ಣು ಸಮಯದಲ್ಲಿ ಸೇರುವುದಿಲ್ಲ. ತನ್ನದೇ ಪರಾಗ ತನಗೇ ಬೀಳದಂತೆ ಇಷ್ಟು ನಾಜೂಕಿನ ಏರ್ಪಾಡು!

ಇದಕ್ಕಿಂತ ನನಗೆ ಜಾಸ್ತಿ ಆಶ್ಚರ್ಯ ಹುಟ್ಟಿಸಿದ್ದು ಬಿಸಿ. ಈ ಮುದ್ದೆ ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ಗಿಡಕ್ಕೆ ಮೈಕಾವೇ? ಹೌದು. ಅದು ಹೇಗೆ ಅಂತ ಅರ್ಥ ಮಾಡಿಕೊಳ್ಳಲು ನಿಂತಿರುವ ಬೈಕ್ ನೆನಪಿಸಿಕೊಳ್ಳಿ. ಗೇರ್ ಹಾಕದೆ ಆಕ್ಸಿಲರೇಟರ್ ತಿರುಗಿಸಿದರೆ ಪೆಟ್ರೋಲ್ ಉರಿಯುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ, ಎಂಜಿನ್ ಮಾತ್ರ ಕಾಯುತ್ತದೆ. ನಮ್ಮ ಜೀವಕೋಶಗಳು ಸಕ್ಕರೆಯನ್ನು ಉರಿಸಿದಾಗ ಬರುವ ಶಕ್ತಿಯಲ್ಲಿ ಒಂದು ಪಾಲು ಮುಂದಿನ ಕೆಲಸಕ್ಕೆ ಉಳಿಯುತ್ತದೆ. ಈ ಹೂವಿನ ಕೋಶಗಳು ಒಂದು ವಿಶೇಷ ಕಿಣ್ವದ ಮೂಲಕ ಆ ದಾರಿ ಬಿಟ್ಟು ಅಡ್ಡದಾರಿ ಹಿಡಿಯುತ್ತವೆ. ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟದ ಶಕ್ತಿ ಬಹುಪಾಲು ಬಿಸಿಯಾಗಿ ಹೊರಬರುತ್ತದೆ. ಬಿಸಿಯಾದಾಗ ವಾಸನೆಯ ಅನಿಲಗಳು ಬೇಗ ಆವಿಯಾಗಿ ದೂರ ಹರಡುತ್ತವೆ. ಅಗರಬತ್ತಿ ಹಚ್ಚಿದ ಮೇಲೆಯೇ ಘಮಘಮ ಅನ್ನುವುದು, ಅಲ್ವಾ? ಇದೇ ಕುಟುಂಬದ ಇನ್ನೊಂದು ಗಿಡದಲ್ಲಿ ಈ ಒಲೆ ಹೊತ್ತಿಸುವುದು ಸ್ಯಾಲಿಸಿಲಿಕ್ ಆಮ್ಲ ಅಂತ 1987ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ ಅದು.

ಸುವರ್ಣಗೆಡ್ಡೆಯ ಆಟ ಅಲ್ಲಿಗೆ ಮುಗಿಯುವುದಿಲ್ಲ. ಹೂ ಬಾಡಿದ ಮೇಲೆ ನೆಲದಿಂದ ಮಚ್ಚೆಮಚ್ಚೆಯ ದಂಟು ಏಳುತ್ತದೆ, ತುದಿಯಲ್ಲಿ ಕೊಡೆ ಬಿಚ್ಚಿದಂತೆ ಎಲೆಗಳು. ನಾವು ಅದನ್ನು ಕಾಂಡ, ರೆಂಬೆ, ಎಲೆ ಅಂದುಕೊಳ್ಳುತ್ತೇವೆ. ಅಷ್ಟೂ ಸೇರಿ ಒಂದೇ ಒಂದು ಎಲೆ. ಕಾಂಡದಂತೆ ಕಾಣುವುದು ಆ ಎಲೆಯ ತೊಟ್ಟು. ನಿಜವಾದ ಕಾಂಡ ನೆಲದೊಳಗಿದೆ. ನಾವು ಹೋಳು ಮಾಡಿ ಬೇಯಿಸುವ ಗೆಡ್ಡೆಯೇ ಅದು.

ಇದರ ದೊಡ್ಡಣ್ಣ ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿದ್ದಾನೆ. ಹೆಸರು ಟೈಟಾನ್ ಆರಮ್. ಅಲ್ಲಿಯ ಜನ ಬುಂಗಾ ಬಂಗ್‌ಕಾಯ್ ಅನ್ನುತ್ತಾರೆ, ಹೆಣದ ಹೂ ಅಂತ ಅರ್ಥ. ಇಟಲಿಯ ಸಸ್ಯವಿಜ್ಞಾನಿ ಒಡೊವಾರ್ಡೊ ಬೆಕ್ಕಾರಿ 1878ರಲ್ಲಿ ಇದನ್ನು ನೋಡಿ ಹೊರಜಗತ್ತಿಗೆ ತಿಳಿಸಿದರು. 1889ರಲ್ಲಿ ಲಂಡನ್ನಿನ ಕ್ಯೂ ತೋಟದಲ್ಲಿ ಮೊದಲ ಸಲ ಕಾಡಿನ ಹೊರಗೆ ಅರಳಿತು. ಹೂಗೊಂಚಲು 3 ಮೀಟರ್ ಎತ್ತರ ದಾಟಿದ್ದೂ ಉಂಟು. ಕಂಬದ ತುದಿಯ ಬಿಸಿ 36 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನಮ್ಮ ಮೈಯ ಬಿಸಿ. ಎಡಿನ್‌ಬರೋ ಸಸ್ಯೋದ್ಯಾನದಲ್ಲಿ 2010ರಲ್ಲಿ ತೂಗಿದ ಒಂದು ಗೆಡ್ಡೆ 153.9 ಕಿಲೋ ಇತ್ತು. ಇಷ್ಟು ದೊಡ್ಡ ಗೆಡ್ಡೆ ಯಾಕೆ ಬೇಕು ಅಂದರೆ, ಒಲೆಗೆ ಸೌದೆ ಬೇಕಲ್ಲ. ಎರಡು ದಿನದ ಉರಿಗಾಗಿ ಗಿಡ ವರ್ಷಗಟ್ಟಲೆ ಕೂಡಿಡುತ್ತದೆ. ಅಷ್ಟು ದೂರದ ದೈತ್ಯನನ್ನು ನೋಡಲು ಜನ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ಅದರ ತಮ್ಮ ನಮ್ಮ ಹಿತ್ತಲಲ್ಲೇ ಇದ್ದಾನೆ ಅನ್ನುವುದು ನನಗೆ ತುಂಬ ಖುಷಿ ಕೊಡುವ ವಿಷಯ.

ಎಲೆ ಬಟ್ಟಲಾಗುವುದು, ತೊಟ್ಟು ಕಾಂಡವಾಗುವುದು, ಇದೆಲ್ಲ ಗಿಡಕ್ಕೆ ಹೇಗೆ ಸಾಧ್ಯ? ಉತ್ತರದ ಒಂದು ತುಣುಕು ದಾಸವಾಳದಲ್ಲಿದೆ. ಐದು ದಳದ ಸಾದಾ ದಾಸವಾಳದ ನಡುವೆ ಉದ್ದ ಕೋಲು, ಅದರ ಮೇಲೆ ಹಳದಿ ಚುಕ್ಕಿಯಂಥ ಕೇಸರಗಳು. ಮುದ್ದೆ ದಾಸವಾಳದಲ್ಲಿ ದಳಗಳು ಲೆಕ್ಕವಿಲ್ಲದಷ್ಟು. ಒಂದು ಮುದ್ದೆ ದಾಸವಾಳವನ್ನು ನಿಧಾನವಾಗಿ ಬಿಡಿಸಿ ನೋಡಿ. ಒಳಗಿನ ಕೆಲವು ದಳಗಳ ಅಂಚಿನಲ್ಲಿ ಪರಾಗದ ಚುಕ್ಕಿ ಅಂಟಿಕೊಂಡಿರುತ್ತದೆ. ಅರ್ಧ ದಳ, ಅರ್ಧ ಕೇಸರ! ಕೇಸರ ಆಗಬೇಕಾದದ್ದು ದಳವಾಗಿಬಿಟ್ಟಿದೆ.

ಹೂವಿನ ಭಾಗಗಳೆಲ್ಲ ಬದಲಾದ ಎಲೆಗಳೇ ಅಂತ ಜರ್ಮನಿಯ ಕವಿ ಗಯಟೆ 1790ರಲ್ಲೇ ವಾದಿಸಿದ್ದ. ಕವಿಯ ಕಲ್ಪನೆ ಅಂತ ಬಿಟ್ಟುಬಿಡುವ ಹಾಗಿರಲಿಲ್ಲ. ಇನ್ನೂರು ವರ್ಷದ ನಂತರ, 1991ರಲ್ಲಿ, ಎನ್ರಿಕೋ ಕೋಎನ್ ಮತ್ತು ಎಲಿಯಟ್ ಮೆಯೆರೊವಿಟ್ಜ್ ಅನ್ನುವ ವಿಜ್ಞಾನಿಗಳು ಇದಕ್ಕೆ ಜೀನ್‌ಗಳ ಲೆಕ್ಕ ಕೊಟ್ಟರು. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಕಳೆ ಗಿಡ ಮತ್ತು ಸ್ನ್ಯಾಪ್‌ಡ್ರಾಗನ್ ಹೂಗಿಡದ ಮೇಲೆ ನಡೆದ ಕೆಲಸ ಅದು. ಮೂರು ಬಗೆಯ ಸ್ವಿಚ್ ಇವೆ ಅಂದುಕೊಳ್ಳಿ. ಮೊದಲನೆಯದು ಒಂದೇ ಹೊತ್ತಿದರೆ ಹೊರಗಿನ ಹಸಿರು ಪುಷ್ಪಪತ್ರ. ಮೊದಲನೆಯದು, ಎರಡನೆಯದು ಸೇರಿದರೆ ದಳ. ಎರಡು, ಮೂರು ಸೇರಿದರೆ ಕೇಸರ. ಮೂರನೆಯದು ಒಂದೇ ಆದರೆ ಕಾಯಿ ಕಟ್ಟುವ ಭಾಗ. ಮೂರನೆಯ ಸ್ವಿಚ್ ಕೆಟ್ಟರೆ ದಳದೊಳಗೆ ದಳ ಹುಟ್ಟುತ್ತಲೇ ಹೋಗುತ್ತದೆ. ಮೂರೂ ಆರಿಹೋದರೆ? ಹೂವಿನ ಜಾಗದಲ್ಲಿ ಹಸಿರು ಎಲೆಗಳ ಗೊಂಚಲು ಬರುತ್ತದೆ. ಗಯಟೆ ಹೇಳಿದ್ದು ನಿಜವಾಗಿತ್ತು.

ಇನ್ನೊಂದು ತುಣುಕು ಬೆಳವಣಿಗೆಯದು. ಕರು ಹುಟ್ಟುವಾಗ ನಾಲ್ಕು ಕಾಲು, ಎರಡು ಕಣ್ಣು, ಒಂದು ಬಾಲ ಎಲ್ಲ ಸಿದ್ಧವಾಗಿಯೇ ಹುಟ್ಟುತ್ತದೆ. ಆಮೇಲೆ ದೊಡ್ಡದಾಗುತ್ತದೆ ಅಷ್ಟೆ. ಐದನೇ ಕಾಲು ಮೂಡುವುದಿಲ್ಲ. ಗಿಡ ಹಾಗಲ್ಲ. ಅದರ ಚಿಗುರು ತುದಿಯಲ್ಲಿ, ಬೇರಿನ ತುದಿಯಲ್ಲಿ ಎಂದೂ ಮುದಿಯಾಗದ ಕೋಶಗಳ ಸಣ್ಣ ಗುಂಪು ಇರುತ್ತದೆ. ಬದುಕಿರುವಷ್ಟು ದಿನ ಅಲ್ಲಿಂದ ಹೊಸ ಅಂಗ ಹುಟ್ಟುತ್ತಲೇ ಇರುತ್ತದೆ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಬಿಸಿಲು ಜಾಸ್ತಿಯಾದರೂ, ನೀರು ನಿಂತರೂ ಅದೇ ಜಾಗ. ಹಾಗಾಗಿ ಜಾಗ ಬದಲಿಸುವ ಬದಲು ಮೈಯನ್ನೇ ಬದಲಿಸುತ್ತದೆ.

ಆ ತುದಿಯೇ ಸತ್ತರೆ ಏನಾಗುತ್ತದೆ ಅಂತ ತೋರಿಸುವ ಗಿಡವೊಂದಿದೆ, ಆಫ್ರಿಕಾದ ನಮೀಬ್ ಮರುಭೂಮಿಯ ವೆಲ್ವಿಚಿಯಾ. ಸಸ್ಯವಿಜ್ಞಾನಿ ಫ್ರೆಡ್ರಿಕ್ ವೆಲ್ವಿಚ್ 1859ರಲ್ಲಿ ಅಂಗೋಲಾದಲ್ಲಿ ಇದನ್ನು ಕಂಡರು. ಮೊಳೆತು ಎರಡು ಎಲೆ ಬಿಟ್ಟ ಮೇಲೆ ಇದರ ಚಿಗುರು ತುದಿ ಸಾಯುತ್ತದೆ. ಇನ್ನು ಹೊಸ ಎಲೆ ಇಲ್ಲ. ಆ ಎರಡೇ ಎಲೆ ಬುಡದಿಂದ ಬೆಳೆಯುತ್ತಾ ಹೋಗುತ್ತವೆ, ಮಗ್ಗದಿಂದ ಬಟ್ಟೆ ಬಂದ ಹಾಗೆ. ತುದಿ ಬಿಸಿಲಿಗೆ ಸುಟ್ಟು, ಗಾಳಿಗೆ ಸೀಳಿ ಚಿಂದಿಯಾಗುತ್ತದೆ. ಬುಡದಲ್ಲಿ ಹೊಸದು ನೇಯುತ್ತಲೇ ಇರುತ್ತದೆ. ಸಾವಿರ ವರ್ಷ ದಾಟಿದ ಗಿಡಗಳಿವೆ. ದೂರದಿಂದ ನೋಡಿದರೆ ಯಾರೋ ಎಸೆದ ಹಳೆ ಚಾಪೆಯ ರಾಶಿ.

ಈಗ ಊರಿಗೆ ಬರೋಣ. ಅತ್ತಿ ಹೂವನ್ನು ಕಂಡವರಿಲ್ಲ ಅನ್ನುವ ಮಾತು ನಮ್ಮಲ್ಲಿದೆ. ಅತ್ತಿಯ ಮರದಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಕಾಂಡಕ್ಕೇ ಅಂಟಿಕೊಂಡು ಬರುತ್ತದೆ. ಆದರೆ ಹೂ ಯಾವಾಗ ಅರಳಿತು? ಯಾರಿಗೂ ಕಾಣುವುದಿಲ್ಲ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅನ್ನುವುದು ಇನ್ನೊಂದು ಮಾತು. ಈ ಎರಡು ಮಾತೂ ಒಂದೇ ಗುಟ್ಟಿನ ಎರಡು ತುದಿ. ನಮ್ಮ ಹಿರಿಯರು ಎಷ್ಟು ಸರಿಯಾಗಿ ನೋಡಿದ್ದರು ಅಂತ ನನಗೆ ಈಗಲೂ ಬೆರಗು.

ಅತ್ತಿಯ ಕಾಯಿ ಅಂದರೆ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಸೂರ್ಯಕಾಂತಿಯ ತಟ್ಟೆ ನೆನಪಿಸಿಕೊಳ್ಳಿ. ಅದರ ಮೇಲೆ ಸಾಲುಸಾಲು ಪುಟ್ಟ ಹೂಗಳು. ಆ ತಟ್ಟೆಯ ಅಂಚನ್ನು ಮೇಲಕ್ಕೆ ಎಳೆದು ಚೀಲದ ಬಾಯಿ ಕಟ್ಟಿದ ಹಾಗೆ ಮುಚ್ಚಿದರೆ ಹೂಗಳೆಲ್ಲ ಒಳಗಾಗುತ್ತವೆ. ಇದೇ ಅತ್ತಿ. ತುದಿಯಲ್ಲಿ ಸೂಜಿ ಮೊನೆಯಷ್ಟು ಕಿಂಡಿ, ಅದಕ್ಕೂ ಪದರ ಪದರದ ಬಾಗಿಲು. ಆಲ, ಅರಳಿ, ಬಸರಿ, ಗೋಣಿ, ಅಂಜೂರ ಎಲ್ಲದರದ್ದೂ ಇದೇ ಕಥೆ. ಈ ಬಳಗದಲ್ಲಿ ಜಗತ್ತಿನಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ.

ಬಾಗಿಲು ಹಾಕಿಕೊಂಡ ಹೂವಿಗೆ ಪರಾಗ ತಲುಪುವುದು ಹೇಗೆ? ಅದಕ್ಕೊಂದು ಕಣಜವಿದೆ. ನಾವು ಹೆದರುವ ಹಳದಿ ಕಣಜ ಅಲ್ಲ. ಎಳ್ಳಿನ ಕಾಳಿಗಿಂತಲೂ ಚಿಕ್ಕದು, 2 ಮಿಲಿಮೀಟರ್ ಆಸುಪಾಸು. ಹೆಣ್ಣು ಕಣಜ ವಾಸನೆ ಹಿಡಿದು ಬಂದು ಆ ಕಿಂಡಿಯೊಳಗೆ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ಸಾಮಾನ್ಯವಾಗಿ ರೆಕ್ಕೆ ಮುರಿದುಹೋಗುತ್ತದೆ. ಒಳಗೆ ಹೋದ ಮೇಲೆ ಹೊರಬರುವ ಮಾತೇ ಇಲ್ಲ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ.

ಮೊಟ್ಟೆ ಇಟ್ಟ ಹೂಗಳಲ್ಲಿ ಮರಿಗಳು ಬೆಳೆಯುತ್ತವೆ. ಉಳಿದ ಹೂಗಳಲ್ಲಿ ಬೀಜ ಕಟ್ಟುತ್ತದೆ. ಅಂದರೆ ಮರ ತನ್ನ ಬೀಜದ ಒಂದು ಪಾಲನ್ನು ಕೂಲಿಯಾಗಿ ಕೊಟ್ಟಂತೆ. ಮೊದಲು ಗಂಡು ಕಣಜಗಳು ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ಗೂಡಿನೊಳಗೇ ಇರುವ ಹೆಣ್ಣುಗಳನ್ನು ಕೂಡುತ್ತವೆ, ಆಮೇಲೆ ಸೇರಿಕೊಂಡು ಕಾಯಿಯ ಗೋಡೆ ಕೊರೆಯುತ್ತವೆ. ತಾವು ಹಾರಿ ಹೋಗುವುದಿಲ್ಲ. ಕೊರೆದು ಮುಗಿಸಿ ಸಾಯುತ್ತವೆ. ಆ ಹೊತ್ತಿಗೆ ಸರಿಯಾಗಿ ಕಾಯಿಯೊಳಗಿನ ಗಂಡು ಹೂಗಳು ಪರಾಗ ಬಿಡುತ್ತವೆ. ಹೆಣ್ಣು ಕಣಜಗಳು ಪರಾಗ ತುಂಬಿಕೊಂಡು ಆ ತೂತಿನಿಂದ ಹೊರಗೆ ಹಾರುತ್ತವೆ. ಇನ್ನೊಂದು ಅತ್ತಿಯನ್ನು ಹುಡುಕಲು ಅವುಗಳ ಕೈಯಲ್ಲಿರುವುದು ಒಂದೆರಡು ದಿನ ಮಾತ್ರ.

ಸಾಮಾನ್ಯವಾಗಿ ಪ್ರತಿ ಜಾತಿಯ ಮರಕ್ಕೂ ಅದರದ್ದೇ ಕಣಜ. ಅತ್ತಿಯ ಕಣಜ ಆಲಕ್ಕೆ ಬಾರದು. ಈ ಜೊತೆ 6 ಕೋಟಿ ವರ್ಷಕ್ಕೂ ಹಳೆಯದು. ಕಣಜ ಇಷ್ಟು ಕಡಿಮೆ ದಿನ ಬದುಕುವುದರಿಂದ ಕಾಡಿನಲ್ಲಿ ವರ್ಷವಿಡೀ ಎಲ್ಲಾದರೂ ಒಂದು ಮರ ಕಾಯಿ ಬಿಡುತ್ತಲೇ ಇರಬೇಕು. ಬೇರೆ ಹಣ್ಣು ಸಿಗದ ತಿಂಗಳಲ್ಲೂ ದಾಂಡೇಲಿಯ ಮಂಗಟ್ಟೆ ಹಕ್ಕಿಗೆ, ಕೋತಿಗೆ, ಬಾವಲಿಗೆ ಊಟ ಸಿಗುವುದು ಇದರಿಂದಲೇ. ಎಳ್ಳಿಗಿಂತ ಚಿಕ್ಕ ಹುಳದ ಆಯುಸ್ಸಿನ ಮೇಲೆ ಒಂದು ಕಾಡಿನ ಊಟದ ವ್ಯವಸ್ಥೆ ನಿಂತಿದೆ.

ಆಲ ಇದೇ ಬಳಗದ್ದಾದರೂ ಅದರ ವಿಚಿತ್ರ ಬೇರೆ. ಅದರ ಬಿಳಲು ಮೇಲಿಂದ ಇಳಿದು, ನೆಲ ಮುಟ್ಟಿ, ದಪ್ಪಗಾಗಿ ಕಂಬವಾಗುತ್ತದೆ. ಬೇರು ಕಾಂಡದ ಕೆಲಸ ಮಾಡುತ್ತದೆ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹರಡಿದೆ. ಅದರ ಮೂಲ ಕಾಂಡ ರೋಗ ಬಂದು ಹೋಗಿಯೇ ಎಷ್ಟೋ ವರ್ಷವಾಯಿತು. ಕೋಲ್ಕತ್ತಾ ಬಳಿ ಶಿಬ್‌ಪುರದ ದೊಡ್ಡ ಆಲದ ಮೂಲ ಕಾಂಡವನ್ನು 1925ರಲ್ಲೇ ತೆಗೆದರು. ಎರಡೂ ಮರ ಇನ್ನೂ ನಿಂತಿವೆ, ಬರೀ ಬಿಳಲುಗಳ ಮೇಲೆ.

ಹಾಗಾದರೆ ಇರುವುದನ್ನೆಲ್ಲ ಬಿಟ್ಟುಕೊಟ್ಟ ಗಿಡ ಇದೆಯೇ? ಬೇರು, ಕಾಂಡ, ಎಲೆ ಯಾವುದೂ ಇಲ್ಲದ್ದು? ಇದೆ. ಅಲ್ಲಿಗೆ ಹೋಗುವ ದಾರಿಯನ್ನು ನಮ್ಮ ಮಾವಿನ ಮರದಿಂದಲೇ ಹಿಡಿಯಬಹುದು. ಮಾವಿನ ಮೇಲೆ ಬರುವ ಬಂದಣಿಕೆಗೆ ಹಸಿರು ಎಲೆಯಿದೆ, ಮಾವಿನಿಂದ ಮುಖ್ಯವಾಗಿ ಕದಿಯುವುದು ನೀರು ಮತ್ತು ಅದರಲ್ಲಿ ಕರಗಿದ ಲವಣ. ಬೇಲಿಯ ಮೇಲೆ ಹಳದಿ ನೂಲಿನ ಸಿಕ್ಕಿನಂತೆ ಹಬ್ಬುವ ಕಸ್ಕುಟಾ ಬಳ್ಳಿಗೆ ಎಲೆ ಇಲ್ಲ, ಮೊಳೆತ ಕೆಲವು ದಿನದ ನಂತರ ನೆಲದ ನಂಟೂ ಇಲ್ಲ. ಸಕ್ಕರೆಯೂ ಕಳ್ಳತನದ್ದೇ. ಈ ದಾರಿಯ ಕೊನೆಯ ತುದಿಯಲ್ಲಿ ರಾಫ್ಲೇಸಿಯಾ ಇದೆ. ಅದು ದ್ರಾಕ್ಷಿ ಕುಟುಂಬದ ಒಂದು ಕಾಡುಬಳ್ಳಿಯ ಒಳಗೆ ಬರೀ ಎಳೆಗಳಾಗಿ ಬದುಕುತ್ತದೆ. ಹೊರಗಿನಿಂದ ನೋಡಿದರೆ ಬಳ್ಳಿಯಷ್ಟೇ. ಒಂದು ದಿನ ಬಳ್ಳಿಯ ತೊಗಟೆ ಉಬ್ಬಿ ಮೊಗ್ಗು ಹೊರಬರುತ್ತದೆ, ತಿಂಗಳುಗಟ್ಟಲೆ ಬಲಿತು ಎಲೆಕೋಸಿನಷ್ಟಾಗುತ್ತದೆ, ಆಮೇಲೆ ಅರಳುತ್ತದೆ. ರಾಫ್ಲೇಸಿಯಾ ಆರ್ನಾಲ್ಡೈ ಹೂವಿನ ಅಗಲ ಸುಮಾರು 1 ಮೀಟರ್. ಇದು ನಿಜವಾಗಿಯೂ ಒಂದೇ ಹೂ, ಲೋಕದಲ್ಲೇ ದೊಡ್ಡದು. ಸುಮಾತ್ರಾದ ಬೆಂಗ್‌ಕುಲು ಕಡೆ 1818ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫೆಲ್ಸ್ ಮತ್ತು ಡಾಕ್ಟರ್ ಜೋಸೆಫ್ ಆರ್ನಾಲ್ಡ್ ಇದನ್ನು ನೋಡಿದರು. ಹೆಸರು ಇಬ್ಬರದ್ದೂ ಸೇರಿದೆ. ಆರ್ನಾಲ್ಡ್ ಅದೇ ವರ್ಷ ಜ್ವರದಿಂದ ತೀರಿಕೊಂಡರು.

ಎಲೆಯೇ ಇಲ್ಲದ್ದು ಯಾವ ಕುಟುಂಬಕ್ಕೆ ಸೇರಿದ್ದು ಅಂತ ಪತ್ತೆ ಮಾಡುವುದು ಹೇಗೆ? ಸುಮಾರು ಇನ್ನೂರು ವರ್ಷ ಇದು ಒಗಟಾಗಿಯೇ ಇತ್ತು. 2007ರಲ್ಲಿ ಜೀನ್ ಪರೀಕ್ಷೆ ಉತ್ತರ ಕೊಟ್ಟಿತು. ಇದು ಹರಳು, ಮರಗೆಣಸು, ರಬ್ಬರ್, ಕಳ್ಳಿಗಳ ಹತ್ತಿರದ ನೆಂಟ. ಹರಳಿನ ಹೂ ಎಷ್ಟು ಚಿಕ್ಕದು ನೋಡಿ! ಈಶಾನ್ಯ ಭಾರತದ ಕಾಡಿನಲ್ಲಿ ಇದರದ್ದೇ ಕುಟುಂಬದ ಸಪ್ರಿಯಾ ಇದೆ. ಬೇರೆ ಹೂಗಿಡಗಳಲ್ಲಿ ತಪ್ಪದೆ ಸಿಗುವ ಜೀನ್‌ಗಳಲ್ಲಿ ಸುಮಾರು 44% ಅದರಲ್ಲಿ ಇಲ್ಲವೇ ಇಲ್ಲ ಅಂತ 2021ರಲ್ಲಿ ತಿಳಿಯಿತು. ಬಿಸಿಲಿನಿಂದ ಅಡುಗೆ ಮಾಡುವುದನ್ನು ಬಿಟ್ಟ ಮೇಲೆ ಆ ಪಾತ್ರೆಗಳನ್ನೂ ಬಿಟ್ಟುಬಿಟ್ಟಿದೆ.

ಕಳ್ಳಿಯ ಮಾತು ಬಂತು, ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಚದುರಗಳ್ಳಿ ಮತ್ತು ಅಮೆರಿಕದಿಂದ ಬಂದ ಪಾಪಸುಕಳ್ಳಿ ನೋಡಲು ಅಣ್ಣತಮ್ಮಂದಿರು. ಎರಡಕ್ಕೂ ಹಸಿರು ದಪ್ಪ ಕಾಂಡ, ಮೈಯೆಲ್ಲ ಮುಳ್ಳು. ಕಾಂಡವೇ ಎಲೆಯ ಕೆಲಸ ಮಾಡುತ್ತದೆ. ಆದರೆ ಗೀರಿದರೆ ಚದುರಗಳ್ಳಿಯಲ್ಲಿ ಹಾಲು ಬರುತ್ತದೆ, ಪಾಪಸುಕಳ್ಳಿಯಲ್ಲಿ ಬರುವುದಿಲ್ಲ. ಇವು ರಕ್ತಸಂಬಂಧಿಗಳಲ್ಲ. ಎರಡು ಖಂಡದಲ್ಲಿ, ಒಣ ನೆಲ ಅನ್ನುವ ಒಂದೇ ಲೆಕ್ಕಕ್ಕೆ ಬೇರೆ ಬೇರೆಯಾಗಿ ಒಂದೇ ಉತ್ತರ ಬರೆದಿವೆ. ಗಿಡದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಸುಮ್ನೆ ಗೀರಿ ನೋಡಬೇಡಿ.

ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಚಿತ್ರ ಬೇರಿನದು. ಕುಂಡದ ಗಿಡಕ್ಕೆ ಪ್ರೀತಿಯಿಂದ ದಿನಾ ನೀರು ಸುರಿದು ಸಾಯಿಸಿದವರು ನಮ್ಮಲ್ಲಿ ಎಷ್ಟೋ ಜನ. ಗಿಡ ಸತ್ತದ್ದು ಉಸಿರು ಕಟ್ಟಿ. ಬೇರೂ ಉಸಿರಾಡುತ್ತದೆ. ಎಲೆಯಿಂದ ಬಂದ ಸಕ್ಕರೆಯನ್ನು ಉರಿಸಲು ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ. ನೀರು ನಿಂತರೆ ಆ ಸಂದಿಗಳೆಲ್ಲ ತುಂಬಿಹೋಗುತ್ತವೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ.

ಹಾಗಿದ್ದರೆ ವರ್ಷದ ಹನ್ನೆರಡು ತಿಂಗಳೂ ನೀರು ನಿಲ್ಲುವ ಜಾಗದಲ್ಲಿ ದೊಡ್ಡ ಮರ ಬದುಕುವುದು ಹೇಗೆ? ಉತ್ತರ ಕನ್ನಡದಲ್ಲಿ ಅಂಥ ಕಾಡಿಗೆ ರಾಂಪತ್ರೆ ಜಡ್ಡಿ ಅನ್ನುತ್ತಾರೆ. ಕಣಿವೆಯ ತಳದಲ್ಲಿ ಹಳ್ಳ ನಿಧಾನವಾಗಿ ಹರಿಯುವ, ಕಾಲಿಟ್ಟರೆ ಮೊಣಕಾಲುವರೆಗೆ ಕೆಸರು ಬರುವ, ಮಧ್ಯಾಹ್ನವೂ ಮಬ್ಬಾಗಿರುವ ಜಾಗ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂಥ ಜಡ್ಡಿಗಳಿವೆ. ಹೆಸರೇ ಎಲ್ಲ ಹೇಳುತ್ತದೆ. ಇಲ್ಲಿಯ ಮುಖ್ಯ ಮರಗಳು ಜಾಯಿಕಾಯಿಯ ಕುಟುಂಬದವು. ಜಾಯಿಪತ್ರೆಯ ಹಾಗೆ ಇವುಗಳ ಬೀಜದ ಸುತ್ತಲೂ ಕೆಂಪು ಬಲೆಯಂಥ ಪತ್ರೆ ಇರುತ್ತದೆ.

ಮೊದಲ ಸಲ ಜಡ್ಡಿಯೊಳಗೆ ಹೋದಾಗ ನಾನು ಮೇಲೆ ನೋಡಲೇ ಇಲ್ಲ. ನೋಟವೆಲ್ಲ ನೆಲದ ಮೇಲೆ. ಜಿಮ್ನಕ್ರಾಂತೆರಾ ಕೆನರಿಕಾ ಅನ್ನುವ ಮರ, ಹೆಸರಲ್ಲೇ ಕೆನರಾ ಇದೆ, ಅದರ ಬೇರುಗಳು ಕೆಸರಿನಿಂದ ಮೇಲಕ್ಕೆ ಎದ್ದು, ಬಾಗಿ, ಮತ್ತೆ ಕೆಸರಿನೊಳಗೆ ಇಳಿಯುತ್ತವೆ. ಯಾರೋ ಕೆಸರಿನಡಿ ಅಂಗಾತ ಮಲಗಿ ಮೊಣಕಾಲು ಮಡಚಿ ಹೊರಗೆ ಚಾಚಿದಂತೆ. ಒಂದಲ್ಲ, ಹತ್ತಲ್ಲ, ಕಾಡಿನ ನೆಲವೆಲ್ಲ ಮೊಣಕಾಲುಗಳು. ಆ ಬಾಗಿದ ಭಾಗದ ಮೇಲೆ ಕೈಯಾಡಿಸಿದರೆ ತೊಗಟೆ ಒರಟು. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಗಾಳಿ ಅಲ್ಲಿಂದ ಒಳಗೆ ಹೋಗಿ, ಬೇರಿನೊಳಗಿನ ಟೊಳ್ಳು ಸಂದಿಗಳ ಮೂಲಕ ಕೆಸರಿನಡಿ ಇರುವ ತುದಿಗಳಿಗೆ ಇಳಿಯುತ್ತದೆ. ಮುಳುಗು ಹಾಕಿದವನು ಬಾಯಲ್ಲಿ ಕೊಳವೆ ಕಚ್ಚಿಕೊಂಡ ಹಾಗೆ.

ಪಕ್ಕದಲ್ಲೇ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಇನ್ನೊಂದು ಉಪಾಯ ಹೂಡಿದೆ. ನೆಲದಿಂದ ಮೇಲೆ, ಕಾಂಡದಿಂದಲೇ ಬೇರುಗಳು ಹೊರಟು ಸುತ್ತಲೂ ಊರುಗೋಲಿನಂತೆ ಇಳಿಯುತ್ತವೆ. ಮರಕ್ಕೆ ಮೆತ್ತಗಿನ ನೆಲದಲ್ಲಿ ಆಧಾರವೂ ಆಯಿತು, ಬೇರಿನ ಅರ್ಧ ಭಾಗ ಗಾಳಿಯಲ್ಲಿ ಇದ್ದಂತೆಯೂ ಆಯಿತು. ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲೂ ಊರುಗೋಲು ಬೇರು. ಕಾಂಡ್ಲಾ ಬಳಗದ ಇನ್ನು ಕೆಲವು ಗಿಡಗಳು ಪೆನ್ಸಿಲ್ ನೆಟ್ಟ ಹಾಗೆ ಸಾವಿರಾರು ಬೇರಿನ ಮೊನೆಗಳನ್ನು ಕೆಸರಿನಿಂದ ನೆಟ್ಟಗೆ ಮೇಲೆತ್ತುತ್ತವೆ. ಉಬ್ಬರ ಇಳಿದಾಗ ಉಸಿರು ತುಂಬಿಕೊಳ್ಳುತ್ತವೆ. ಉಪ್ಪು ನೀರಿನ ಗಿಡ, ಸಿಹಿ ನೀರಿನ ಮರ, ಬೇರೆ ಬೇರೆ ಕುಟುಂಬ. ಕಷ್ಟ ಒಂದೇ, ಹಾಗಾಗಿ ಉತ್ತರವೂ ಹೆಚ್ಚುಕಡಿಮೆ ಒಂದೇ.

ಜಡ್ಡಿಯ ತೊಂದರೆ ಏನೆಂದರೆ, ಅಲ್ಲಿ ವರ್ಷಪೂರ್ತಿ ನೀರಿದೆ. ಕಣಿವೆ ತಳದ ನೀರಿನ ನೆಲ ಗದ್ದೆಗೂ ಅಡಿಕೆ ತೋಟಕ್ಕೂ ಚೆನ್ನಾಗಿ ಒದಗುತ್ತದೆ. ತಲೆಮಾರುಗಳಿಂದ ಜಡ್ಡಿಗಳು ಹಾಗೆಯೇ ಕರಗುತ್ತಾ ಬಂದಿವೆ. ತೋಟ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಕಳೆದುಕೊಳ್ಳುತ್ತಿರುವುದು ಎಂಥದ್ದು ಅಂತ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಈ ಮರಗಳ ಬೀಜವನ್ನು ಭತ್ತದ ಹಾಗೆ ಒಣಗಿಸಿ ಕಣಜದಲ್ಲಿ ಇಡಲಾಗುವುದಿಲ್ಲ. ಒಣಗಿದರೆ ಸತ್ತಂತೆ. ಬಿದ್ದ ಕೂಡಲೇ ಒದ್ದೆ ನೆಲ, ನೆರಳು ಸಿಗಬೇಕು. ಕತ್ತಲೆಕಾನಿನ ಜಡ್ಡಿಯಲ್ಲಿ ಗೇರಿನ ಕುಟುಂಬದ ಒಂದು ಮರ ಸಿಕ್ಕಿ, ಜಗತ್ತಿಗೆ ಹೊಸದು ಅಂತ 2000ದಲ್ಲಿ ವಿಜ್ಞಾನಿಗಳು ಅದನ್ನು ದಾಖಲಿಸಿದರು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಆ ಕಾಡಿನ ಹೆಸರನ್ನೇ ಇಟ್ಟರು. ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಅದು ಉಳಿದಿದೆ.

ಆ ಸಲ ಜಡ್ಡಿಯಿಂದ ಹಿಂದಿರುಗುವಾಗ ಒಂದು ಅಡಿಕೆ ತೋಟದ ಅಂಚಿನಲ್ಲಿ ನಡೆದು ಬಂದೆವು. ತೋಟದ ಕಾಲುವೆ ಪಕ್ಕ ಒಂದೇ ಒಂದು ಜಡ್ಡಿಯ ಮರ ನಿಂತಿತ್ತು. ತೋಟ ಮಾಡುವಾಗ ಅಜ್ಜ ಇದೊಂದನ್ನು ಕಡಿಯದೆ ಬಿಟ್ಟಿದ್ದರು, ಯಾಕೆ ಅಂತ ಹೇಳಿರಲಿಲ್ಲ ಅಂದರು ಅಲ್ಲಿಯ ಯಜಮಾನರು. ಅದು ಏಪ್ರಿಲ್ ತಿಂಗಳು. ಕಾಲುವೆಯಲ್ಲಿ ನೀರು ತೆಳ್ಳಗೆ ಹರಿಯುತ್ತಿತ್ತು. ಮರದ ಮೊಣಕಾಲುಗಳು ಬಿರುಕು ಬಿಟ್ಟ ಒಣ ಮಣ್ಣಿನ ಮೇಲೆ, ಮೊದಲಿನ ಹಾಗೆಯೇ ಬಾಗಿಕೊಂಡು ನಿಂತಿದ್ದವು.